ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಬಡವರನ್ನು ಕೊಲ್ಲುವುದು ಬಡತನವೋ, ಬೀಡಿಯೋ?

ಎರಡು ಸಂಚಿಕೆಗಳ ಹಿಂದೆ ಇಲ್ಲಿ ದಮ್ಮಿನ ಬಗ್ಗೆ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ಉಸಿರಾಟದ ತೊಂದರೆ ಅಂತ ಬರುವ ಗಂಡಸರ ಅಂಗಿ ಜೇಬು ನೋಡಿದರೆ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ." ಆ ಒಂದು ಸಾಲಿಗೆ ತುಂಬಾ ಪತ್ರ ಬಂದವು. ಕೆಲವರಿಗೆ ಬೇಜಾರಾಗಿದೆ, ಕೆಲವರಿಗೆ ಭಯ ಆಗಿದೆ. ಎಲ್ಲವನ್ನೂ ಹಾಕಲು ಜಾಗ ಸಾಲದು, ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಹಳ್ಳಿ ಶಾಲೆಯ ಮೇಷ್ಟ್ರು. ನಮ್ಮೂರಲ್ಲಿ ಕಲ್ಲು ಒಡೆಯುವವರು, ಹಮಾಲಿ ಮಾಡುವವರು ಐವತ್ತು ದಾಟಿದರೆ ದೊಡ್ಡದು. ಹೊಟ್ಟೆಗೆ ಸರಿಯಾಗಿ ಇಲ್ಲ, ಕುಡಿಯುವ ನೀರು ಚೆನ್ನಾಗಿಲ್ಲ, ಆಸ್ಪತ್ರೆ ದೂರ. ಅವರನ್ನು ಕೊಲ್ಲುವುದು ಬಡತನ. ನೀವು ಡಾಕ್ಟರುಗಳು ಎಲ್ಲವನ್ನೂ ಬೀಡಿ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೀರಿ. ಇದು ನ್ಯಾಯವಾ? (ರಾಯಚೂರು ಜಿಲ್ಲೆ)

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಸಿಟ್ಟು ಸರಿಯಾದದ್ದೇ. ಬಡವನಿಗೆ "ನಿನ್ನ ಚಟ, ನಿನ್ನ ಕರ್ಮ" ಅಂತ ಹೇಳಿ ಕಳಿಸುವ ಡಾಕ್ಟರುಗಳನ್ನು ನಾನೂ ನೋಡಿದ್ದೇನೆ. ಆದರೆ ಬೀಡಿಯನ್ನು ಬಿಟ್ಟುಬಿಟ್ಟು ಬಡತನದ ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪುತ್ತದೆ. ಯಾಕೆ ಅಂತ ಹೇಳುತ್ತೇನೆ.

ನೀವು ಕೇಳಿದ ಪ್ರಶ್ನೆಯನ್ನೇ ಇಟ್ಟುಕೊಂಡು ಸ್ಕಾಟ್ಲೆಂಡಿನಲ್ಲಿ ಒಂದು ದೊಡ್ಡ ಲೆಕ್ಕ ಮಾಡಿದ್ದಾರೆ. ಗ್ಲಾಸ್ಗೋ ನಗರದ ಪಕ್ಕ ರೆನ್‌ಫ್ರೂ, ಪೇಸ್ಲಿ ಅಂತ ಎರಡು ಊರುಗಳಿವೆ. ಕಾರ್ಖಾನೆ ಕೆಲಸದವರು ಹೆಚ್ಚಾಗಿದ್ದ ಊರುಗಳು. 1972ರಿಂದ 1976ರ ನಡುವೆ ಅಲ್ಲಿನ 45ರಿಂದ 64 ವರ್ಷದ ಸುಮಾರು 15,000 ಜನರನ್ನು, ಗಂಡಸರು ಹೆಂಗಸರು ಇಬ್ಬರನ್ನೂ, ಪರೀಕ್ಷೆ ಮಾಡಿದರು. ಯಾರು ಸೇದುತ್ತಾರೆ, ಯಾರು ಬಿಟ್ಟಿದ್ದಾರೆ, ಯಾರು ಯಾವತ್ತೂ ಮುಟ್ಟಿಲ್ಲ, ಯಾರಿಗೆ ಯಾವ ಕೆಲಸ, ಎಲ್ಲ ಬರೆದುಕೊಂಡರು. ಆಮೇಲೆ 28 ವರ್ಷ ಕಾಲ ಯಾರು ಇದ್ದಾರೆ, ಯಾರು ಹೋದರು ಅಂತ ಲೆಕ್ಕ ಇಟ್ಟರು.

ಏನು ಕಂಡಿತು ಗೊತ್ತಾ? ದೊಡ್ಡ ಕೆಲಸದಲ್ಲಿದ್ದು ಸಿಗರೇಟ್ ಸೇದುತ್ತಿದ್ದವರಿಗಿಂತ, ಕೂಲಿ ಮಟ್ಟದ ಕೆಲಸದಲ್ಲಿದ್ದೂ ಯಾವತ್ತೂ ಸೇದದವರು ಜಾಸ್ತಿ ಬದುಕಿದರು. ಗಂಡಸರಲ್ಲೂ ಹಾಗೆ, ಹೆಂಗಸರಲ್ಲೂ ಹಾಗೆ. ಅಂದರೆ ದುಡ್ಡು, ಒಳ್ಳೆ ಮನೆ, ಒಳ್ಳೆ ಊಟ ಯಾವುದೂ ಸಿಗರೇಟಿನ ಏಟನ್ನು ತಡೆಯಲಿಲ್ಲ. ಇನ್ನೊಂದು ವಿಷಯ. ಹೆಂಗಸರು ಗಂಡಸರಿಗಿಂತ ಒಂದಷ್ಟು ವರ್ಷ ಜಾಸ್ತಿ ಬದುಕುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಅಲ್ಲಿ ಸೇದುವ ಹೆಂಗಸರಿಗೆ ಆ ಲಾಭವೇ ಉಳಿಯಲಿಲ್ಲ, ಅವರು ಸೇದದ ಗಂಡಸರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಎರಡು ತುದಿ ನೋಡಿ: ಮೇಲಿನ ವರ್ಗದ, ಯಾವತ್ತೂ ಸೇದದ ಹೆಂಗಸರಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಇಬ್ಬರು 28 ವರ್ಷದ ನಂತರವೂ ಇದ್ದರು. ಕೆಳವರ್ಗದ, ಸೇದುವ ಗಂಡಸರಲ್ಲಿ ಉಳಿದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಅದೇ ಲೆಕ್ಕದಲ್ಲಿ, ಯಾವತ್ತೂ ಸೇದದ ಗಂಡಸರಲ್ಲೂ ಬಡವರು ಉಳ್ಳವರಿಗಿಂತ ಬೇಗ ಹೋದರು. ಹಾಗಾಗಿ ಬಡತನ ಕೊಲ್ಲುತ್ತದೆ ಅನ್ನುವುದು ನಿಜ. ಬೀಡಿ ಬಿಟ್ಟ ಮಾತ್ರಕ್ಕೆ ಬಡವನ ಆಯಸ್ಸು ಸಾಹುಕಾರನ ಆಯಸ್ಸಿಗೆ ಸಮ ಆಗುವುದಿಲ್ಲ. ಆದರೆ ಬಡತನ ಒಂದು ಹೊಡೆದರೆ ಹೊಗೆ ಎರಡು ಹೊಡೆಯುತ್ತದೆ, ಮತ್ತು ಆ ಎರಡೂ ಏಟು ಒಬ್ಬನ ಬೆನ್ನ ಮೇಲೇ ಬೀಳುತ್ತವೆ.

ನಮ್ಮ ಕಡೆ ಇದು ಕ್ಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಕ್ಷಯ ಬಡವರ ರೋಗ ಅನ್ನುತ್ತೇವೆ ಅಲ್ವಾ? ಇಕ್ಕಟ್ಟಾದ ಮನೆ, ಅರೆಹೊಟ್ಟೆ, ಕಲ್ಲಿನ ದೂಳು ಎಲ್ಲ ಸೇರಿ ಬರುತ್ತದೆ. ತಮಿಳುನಾಡಿನಲ್ಲಿ ಸತ್ತ 43,000 ಗಂಡಸರ ಮನೆಗಳಿಗೆ ಹೋಗಿ ವಿಚಾರಿಸಿ, ಬದುಕಿದ್ದವರ ಜೊತೆ ಹೋಲಿಸಿ 2003ರಲ್ಲಿ ಒಂದು ವರದಿ ಬಂತು. ಸೇದುವವರು ಕ್ಷಯದಿಂದ ಸಾಯುವ ಸಂಭವ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಆ ರೋಗಾಣು ನಮ್ಮಲ್ಲಿ ತುಂಬಾ ಜನರ ಎದೆಯಲ್ಲಿ ಸುಮ್ನೆ ಮಲಗಿರುತ್ತದೆ. ಹೊಗೆ ಶ್ವಾಸಕೋಶದ ಕಾವಲನ್ನು ಕೆಡಿಸಿ ಅದನ್ನು ಎಬ್ಬಿಸುತ್ತದೆ. ನಿಮ್ಮೂರಿನ ಕಲ್ಲು ಒಡೆಯುವವರಿಗೆ ದೂಳು ಬೇರೆ, ಬೀಡಿ ಬೇರೆ.

ಹಾಗಾದರೆ ಬಡವರೇ ಯಾಕೆ ಜಾಸ್ತಿ ಸೇದುತ್ತಾರೆ? 1948ರಲ್ಲಿ ಬ್ರಿಟನ್ನಿನ ನೂರು ಗಂಡಸರಲ್ಲಿ 80ಕ್ಕೂ ಹೆಚ್ಚು ಜನ ತಂಬಾಕು ಸೇದುತ್ತಿದ್ದರು. ಲಾರ್ಡೂ ಸೇದುತ್ತಿದ್ದ, ಡಾಕ್ಟರೂ ಸೇದುತ್ತಿದ್ದ, ಗಣಿ ಕೆಲಸದವನೂ ಸೇದುತ್ತಿದ್ದ. ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ 1950ರಿಂದ ಒಂದೊಂದೇ ಸಾಕ್ಷಿ ಹೊರಗೆ ಬಂದಾಗ ಓದಿದವರು, ದುಡ್ಡಿದ್ದವರು ಮೊದಲು ಬಿಟ್ಟರು. ಬಿಡಲು ನೆಮ್ಮದಿ ಬೇಕು, ಬಿಡುವು ಬೇಕು, ಹೇಳಿಕೊಡುವವರು ಬೇಕು. ಅದು ಇಲ್ಲದವರ ಕೈಯಲ್ಲಿ ಸಿಗರೇಟು ಉಳಿಯಿತು. ನಮ್ಮಲ್ಲೂ ಅದೇ ನಡೆಯುತ್ತಿದೆ. ಒಬ್ಬ ಗಾರೆ ಕೆಲಸದವರು ನನಗೆ ಹೇಳಿದ ಮಾತು ಮರೆಯಲು ಆಗಿಲ್ಲ: "ಮೇಡಮ್ಮಾ, ಸುಮ್ನೆ ಕೂತ್ರೆ ಮೇಸ್ತ್ರಿ ಬಯ್ತಾನೆ. ಬೀಡಿ ಹಚ್ಚಿ ಕೂತ್ರೆ ಏನೂ ಅನ್ನಲ್ಲ." ಆ ಮನುಷ್ಯನಿಗೆ ಬೀಡಿ ಅಂದರೆ ಐದು ನಿಮಿಷದ ರಜೆ. ಜೊತೆಗೆ ನಿಕೋಟಿನ್ ಹಸಿವನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ, ಮಧ್ಯಾಹ್ನದ ಊಟ ಮೂರು ಗಂಟೆಗೆ ಸಿಗುವವನಿಗೆ ಅದು ಸಣ್ಣ ವಿಷಯ ಅಲ್ಲ.

ನಿಮ್ಮ ಕೈಯಲ್ಲಿ ಶಾಲೆ ಇದೆ ಮೇಷ್ಟ್ರೇ. ಕೂಲಿ ಸರಿಯಾಗಿ ಕೊಡಿಸಲು, ದೂಳಿಗೆ ಮಾಸ್ಕ್ ಕೊಡಿಸಲು ಹೋರಾಡಿ, ನಾನೂ ಜೊತೆಗಿರುತ್ತೇನೆ. ಅದೇ ಉಸಿರಲ್ಲಿ ಬೀಡಿ ವಿಷಯವನ್ನೂ ಎತ್ತಿ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾರು ಹೇಳಿದರು?

ಪ್ರಶ್ನೆ: ನಮ್ಮ ಯಜಮಾನರು ಹಮಾಲಿ ಕೆಲಸ. ವಯಸ್ಸು 47. ದಿನಕ್ಕೆ ಎರಡು ಕಟ್ಟು ಬೀಡಿ ಬೇಕು, ಐವತ್ತು ರೂಪಾಯಿ ಅದಕ್ಕೇ. ಬಿಡಿ ಅಂದ್ರೆ "ಇದು ಎಲೆ, ಸಿಗರೇಟಿನ ಥರ ಕೆಮಿಕಲ್ ಅಲ್ಲ, ನಮ್ಮಪ್ಪ ಸೇದಿ ಸೇದಿ ಎಂಬತ್ತು ವರ್ಷ ಇದ್ದ" ಅಂತಾರೆ. ನನಗೂ ಒಂದು ವರ್ಷದಿಂದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಸೇದಲ್ಲವಲ್ಲ, ನನಗ್ಯಾಕೆ? (ಹರಿಹರ)

ಅಮ್ಮಾ, ಮೊದಲು ನಿಮ್ಮ ವಿಷಯ, ಯಾಕಂದರೆ ನೀವು ಅದನ್ನು ಪತ್ರದ ಕೊನೆಯ ಸಾಲಿಗೆ ಇಟ್ಟಿದ್ದೀರಿ. ನಮ್ಮ ಹೆಂಗಸರು ಯಾವಾಗಲೂ ಹಾಗೇ. ನನ್ನ ಮುಂದೆ ಗಂಡನ ಕೆಮ್ಮನ್ನು ಹತ್ತು ನಿಮಿಷ ವಿವರಿಸಿ, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು "ನನಗೂ ಸ್ವಲ್ಪ ಉಬ್ಬಸ" ಅನ್ನುತ್ತಾರೆ.

ನೀವು ಸೇದುವುದಿಲ್ಲ ನಿಜ, ಆದರೆ ಹೊಗೆ ಕುಡಿಯುತ್ತಿದ್ದೀರಿ. ಯಜಮಾನರು ಮನೆಯೊಳಗೇ ಸೇದುತ್ತಾರಾ? ಸಣ್ಣ ಮನೆ ಆದರೆ ಆ ಹೊಗೆ ನಿಮ್ಮ ಎದೆಗೂ, ಮಕ್ಕಳ ಎದೆಗೂ ಹೋಗುತ್ತದೆ. ಪಕ್ಕದವರ ಹೊಗೆಯಿಂದಲೂ ಶ್ವಾಸಕೋಶದ ಕ್ಯಾನ್ಸರ್, ಹೃದಯದ ಕಾಯಿಲೆ ಬರುತ್ತದೆ ಅನ್ನುವುದು ಸಾಬೀತಾದ ವಿಷಯ. ಜೊತೆಗೆ ಸೌದೆ ಒಲೆ ಇದ್ದರೆ ಮುಗಿಯಿತು. ಯಾವತ್ತೂ ಬೀಡಿ ಮುಟ್ಟದ, ಮೂವತ್ತು ವರ್ಷ ಒಲೆ ಮುಂದೆ ಊದುಕೊಳವೆ ಹಿಡಿದು ಕೂತ ಹೆಂಗಸರಿಗೆ, ಬೀಡಿ ಸೇದುವ ಗಂಡಸರಿಗೆ ಬರುವ ಸಿಒಪಿಡಿ ಅನ್ನುವ ದಮ್ಮಿನ ಕಾಯಿಲೆಯೇ ಬರುತ್ತದೆ. "ಸೇದ್ತೀರಾ?" ಅಂತ ಕೇಳಿ "ಇಲ್ಲ" ಅಂದ ತಕ್ಷಣ ಡಾಕ್ಟರುಗಳೂ ಅದನ್ನು ಮರೆತುಬಿಡುತ್ತಾರೆ, ನಿಶ್ಶಕ್ತಿ ಅಂತ ಟಾನಿಕ್ ಬರೆದು ಕಳಿಸುತ್ತಾರೆ. ನೀವು ಹೋದಾಗ ಒಲೆ ವಿಷಯ ನೀವೇ ಹೇಳಿ. ಮೊದಲು ಕ್ಷಯ ಇದೆಯಾ ಅಂತ ನೋಡಲು ಕಫ ಪರೀಕ್ಷೆ ಮಾಡಿಸಿ, ಎರಡು ವಾರ ದಾಟಿದ ಯಾವ ಕೆಮ್ಮಿಗೂ ಅದು ಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆಮೇಲೆ ಊದುವ ಪರೀಕ್ಷೆ, ಅದನ್ನು ಸ್ಪೈರೋಮೆಟ್ರಿ ಅನ್ನುತ್ತಾರೆ.

ಈಗ ಯಜಮಾನರಿಗೆ. "ಇದು ಎಲೆ" ಅನ್ನುವ ಮಾತಿದೆಯಲ್ಲ, ಅದರೊಳಗೆ ಸುತ್ತಿರುವುದು ಹೊಗೆಸೊಪ್ಪೇ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ, ಸಿಗರೇಟಿನ ಕಾಲುಭಾಗದಷ್ಟು. ಆದರೆ ಬೀಡಿ ಎಲೆ ಕಾಗದದ ಥರ ತಾನಾಗಿ ಉರಿಯುವುದಿಲ್ಲ. ಎಳೆಯದೆ ಬಿಟ್ಟರೆ ಆರಿಹೋಗುತ್ತದೆ. ಹಾಗಾಗಿ ಸೇದುವವರು ಜೋರಾಗಿ, ಬೇಗ ಬೇಗ ದಮ್ ಎಳೆಯುತ್ತಾರೆ. ಟಾರು, ಕಾರ್ಬನ್ ಮಾನಾಕ್ಸೈಡ್ ಎಲ್ಲ ಚೆನ್ನಾಗಿಯೇ ಒಳಗೆ ಹೋಗುತ್ತದೆ. ನಮ್ಮ ದೇಶದಲ್ಲೇ 11 ಲಕ್ಷ ಮನೆಗಳನ್ನು ತೆಗೆದುಕೊಂಡು, ಅಲ್ಲಿ 2001ರಿಂದ 2003ರವರೆಗೆ ಆದ ಸಾವುಗಳನ್ನು ವಿಚಾರಿಸಿದ ದೊಡ್ಡ ಅಧ್ಯಯನ 2008ರಲ್ಲಿ ಬಂತು. ಬೀಡಿ ಸೇದುವ ಗಂಡಸರು ಸರಾಸರಿ 6 ವರ್ಷ ಕಳೆದುಕೊಳ್ಳುತ್ತಾರೆ, ಸಿಗರೇಟ್ ಸೇದುವ ಗಂಡಸರು 10 ವರ್ಷ. ಸೇದುವ ಹೆಂಗಸರು 8 ವರ್ಷ, ಅವರಲ್ಲಿ ಹೆಚ್ಚಿನವರು ಸೇದುವುದು ಬೀಡಿಯೇ. ಕಾಲುಭಾಗ ಹೊಗೆಸೊಪ್ಪಿನ ಬೀಡಿಗೆ ಆರು ವರ್ಷ ಹೋಗುತ್ತದೆ ಅಂದರೆ ಅದನ್ನು ಹಗುರ ಅನ್ನಲು ಆಗುತ್ತದಾ?

ಎಂಬತ್ತು ವರ್ಷ ಇದ್ದ ಮಾವನವರ ವಿಷಯಕ್ಕೆ ವಾದ ಮಾಡಬೇಡಿ. ಒಂದು ಪ್ರಶ್ನೆ ಕೇಳಿ: "ನಿಮ್ಮಪ್ಪನ ಜೊತೆ ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಿದ್ದವರಲ್ಲಿ ಎಷ್ಟು ಜನ ಅರವತ್ತು ಕಂಡರು?" ಒಬ್ಬೊಬ್ಬರ ಹೆಸರು ಹಿಡಿದು ಎಣಿಸಲಿ. ಬದುಕಿ ಉಳಿದವರ ಕಥೆ ಮಾತ್ರ ಮನೆಯಲ್ಲಿ ಉಳಿಯುತ್ತದೆ, ಹೋದವರನ್ನು ಯಾರೂ ಎಣಿಸಲು ಹೋಗುವುದಿಲ್ಲ.

ದಿನಕ್ಕೆ ಐವತ್ತು ಅಂದರೆ ವರ್ಷಕ್ಕೆ 18,250 ರೂಪಾಯಿ. ಇದನ್ನು ಜಗಳದ ಹೊತ್ತಲ್ಲಿ ಹೇಳಬೇಡಿ. ಶಾಲೆ ಫೀಸಿನ ಚೀಟಿ ಬಂದ ದಿನ ಸಮಾಧಾನವಾಗಿ ಹೇಳಿ. ಬೀಡಿ ಕಟ್ಟಿನ ಮೇಲೇ, ಬಿಡಲು ಸಹಾಯ ಮಾಡುವವರ ಒಂದು ಫೋನ್ ನಂಬರ್ ಅಚ್ಚಾಗಿರುತ್ತದೆ, 1800-11-2356. ದುಡ್ಡು ಹಿಡಿಯುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ಕೇಂದ್ರ ಇದೆ. ಅವರು ಬಯ್ಯುವುದಿಲ್ಲ. ಬಿಡುವ ದಿನ ಗೊತ್ತು ಮಾಡಿಸಿ, ಮತ್ತೆ ಮತ್ತೆ ತಾವೇ ಫೋನ್ ಮಾಡಿ ವಿಚಾರಿಸುತ್ತಾರೆ. ಫೋನ್ ಮಾಡಬೇಕಾದವರು ಮಾತ್ರ ನೀವಲ್ಲ, ಯಜಮಾನರೇ.

ಪ್ರಶ್ನೆ: ವಯಸ್ಸು 26, ಸಾಫ್ಟ್‌ವೇರ್ ಕೆಲಸ. ದಿನಕ್ಕೆ ಎರಡೇ ಸಿಗರೇಟ್, ಅದೂ ಟೀ ಬ್ರೇಕಿನಲ್ಲಿ. ಜಿಮ್‌ಗೆ ಹೋಗ್ತೀನಿ, ಊಟ ಚೆನ್ನಾಗಿದೆ, ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಇದೆ. ಹುಡುಗರು ಸೇದಿದ್ರೆ ಯಾರೂ ಕೇಳಲ್ಲ, ನಾನು ಸೇದಿದ್ರೆ ಎಲ್ಲರೂ ತಿರುಗಿ ನೋಡ್ತಾರೆ. ನಿಜವಾಗಲೂ ನನಗೆ ಎಷ್ಟು ಅಪಾಯ ಇದೆ? (ಬೆಂಗಳೂರು)

ತಂಗೀ, ತಿರುಗಿ ನೋಡುವವರು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ನಾನು ಮಾತಾಡುವುದು ನಿಮ್ಮ ಹೃದಯದ ಬಗ್ಗೆ ಮಾತ್ರ.

"ಎರಡೇ" ಅನ್ನುವುದರಲ್ಲಿ ಮೋಸ ಇದೆ. ದಿನಕ್ಕೆ ಒಂದು ಸೇದಿದರೆ ಇಪ್ಪತ್ತು ಸೇದುವವರ ಅಪಾಯದ ಇಪ್ಪತ್ತನೇ ಒಂದು ಭಾಗ ಅಂತ ನಾವು ಲೆಕ್ಕ ಹಾಕುತ್ತೇವೆ. ಹೃದಯದ ವಿಷಯದಲ್ಲಿ ಹಾಗಿಲ್ಲ. ದಿನಕ್ಕೆ ಒಂದೇ ಸೇದುವವರಿಗೂ, ಇಪ್ಪತ್ತು ಸೇದುವವರಿಗೆ ಏರುವ ಹೃದಯಾಘಾತದ ಅಪಾಯದ ಹತ್ತಿರ ಹತ್ತಿರ ಅರ್ಧದಷ್ಟು ಇರುತ್ತದೆ. ಇದು 2018ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಸಿಕ್ಕ ಉತ್ತರ. 2011ರಲ್ಲಿ ಇನ್ನೊಂದು ಅಂಥದ್ದೇ ಲೆಕ್ಕ ಬಂತು: ಸಿಗರೇಟಿನಿಂದ ಹೃದಯಕ್ಕೆ ಏರುವ ಅಪಾಯ ಗಂಡಸರಿಗಿಂತ ಹೆಂಗಸರಿಗೆ ಸುಮಾರು 25 ಪರ್ಸೆಂಟ್ ಜಾಸ್ತಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರಿಗೆ ಸಿಗರೇಟಿನ ವಿಷಯ ಮುಚ್ಚಿಡದೆ ಹೇಳಿ. ಆ ಮಾತ್ರೆ ಮತ್ತು ಸಿಗರೇಟು ಎರಡೂ ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ, 35 ದಾಟಿದ ಮೇಲಂತೂ ಅದು ಬೇಡವೇ ಬೇಡ.

ಜಿಮ್ಮು, ಊಟ, ಚೆಕಪ್ಪು ಒಳ್ಳೆಯದೇ. ಆದರೆ ಮೇಲೆ ಮೇಷ್ಟ್ರಿಗೆ ಹೇಳಿದ ಸ್ಕಾಟ್ಲೆಂಡಿನ ಲೆಕ್ಕ ಓದಿ. ಉಳ್ಳವರ ಮನೆಯ ಸೇದುವ ಹೆಂಗಸರು ಅಲ್ಲೂ ಇದ್ದರು.

ನಿಮ್ಮ ಕೈಯಲ್ಲಿ ಒಂದು ದೊಡ್ಡ ಭಾಗ್ಯ ಇದೆ, ಅದು ವಯಸ್ಸು. ಬ್ರಿಟನ್ನಿನಲ್ಲಿ 1940ರ ಸುಮಾರಿಗೆ ಹುಟ್ಟಿದ ಹೆಂಗಸರು ಹರೆಯದಿಂದಲೇ ಸೇದಲು ಶುರು ಮಾಡಿದ ಮೊದಲ ತಲೆಮಾರು. ಅದಕ್ಕೆ ಮುಂಚಿನವರು ತಡವಾಗಿ ಶುರು ಮಾಡುತ್ತಿದ್ದರು, ಹಾಗಾಗಿ "ಹೆಂಗಸರಿಗೆ ಅಷ್ಟು ತೊಂದರೆ ಇಲ್ಲ" ಅಂತ ಡಾಕ್ಟರುಗಳೂ ನಂಬಿದ್ದರು. ಆ ತಲೆಮಾರಿನ ಹನ್ನೆರಡು ಲಕ್ಷ ಹೆಂಗಸರ ಲೆಕ್ಕ 2013ರಲ್ಲಿ ಹೊರಬಂತು. ಸೇದುತ್ತಲೇ ಇದ್ದವರು ಕನಿಷ್ಠ 10 ವರ್ಷ ಕಳೆದುಕೊಂಡರು, ಗಂಡಸರಷ್ಟೇ. ಆದರೆ ನಲವತ್ತರ ಒಳಗೆ ಬಿಟ್ಟವರು ಆ ಹೆಚ್ಚುವರಿ ಅಪಾಯದ 90 ಪರ್ಸೆಂಟಿಗೂ ಹೆಚ್ಚು ತಪ್ಪಿಸಿಕೊಂಡರು. ಮೂವತ್ತರ ಒಳಗೆ ಬಿಟ್ಟವರು 97 ಪರ್ಸೆಂಟ್. ನಿಮಗೆ 26.

ಪ್ರಶ್ನೆ: ನನಗೆ 61. ನಲವತ್ತು ವರ್ಷದಿಂದ ಸಿಗರೇಟು. ಈಗ ಬಿಟ್ಟು ಏನು ಪ್ರಯೋಜನ? (ಹಾಸನ)

ಪ್ರಯೋಜನ ಇದೆ, ಸಾರ್. ಬ್ರಿಟನ್ನಿನ ರಿಚರ್ಡ್ ಡಾಲ್ ಅನ್ನುವವರು 1951ರಲ್ಲಿ ಅಲ್ಲಿನ ಡಾಕ್ಟರುಗಳಿಗೆಲ್ಲ ಪತ್ರ ಬರೆದು ಅವರ ಸಿಗರೇಟಿನ ಲೆಕ್ಕ ತೆಗೆದುಕೊಂಡರು, ಐವತ್ತು ವರ್ಷ ಬೆನ್ನು ಹತ್ತಿದರು. 2004ರಲ್ಲಿ ಕೊಟ್ಟ ಲೆಕ್ಕ ಇದು: ಬಿಡದೇ ಸೇದಿದವರಿಗೆ ಸುಮಾರು 10 ವರ್ಷ ನಷ್ಟ. 50ಕ್ಕೆ ಬಿಟ್ಟರೆ 6 ವರ್ಷ ವಾಪಸ್, 60ಕ್ಕೆ ಬಿಟ್ಟರೆ 3 ವರ್ಷ. ಮೂರು ವರ್ಷ ಅಂದರೆ ಮೊಮ್ಮಗಳ ಕೈ ಹಿಡಿದು ಶಾಲೆಗೆ ಬಿಟ್ಟು ಬರುವ ಮೂರು ವರ್ಷ. ಒಂದು ವರ್ಷದಲ್ಲಿ ಹೃದಯದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಮೊದಲ ಮೂರು ದಿನ ತುಂಬಾ ಕಷ್ಟ: ತಲೆನೋವು, ಸಿಡುಕು, ನಿದ್ದೆ ಇಲ್ಲ. ಎರಡು ಮೂರು ವಾರದಲ್ಲಿ ತಗ್ಗುತ್ತದೆ. ನಿಕೋಟಿನ್ ಚೂಯಿಂಗ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬಿಪಿ, ಹೃದಯದ ಮಾತ್ರೆ ಇದ್ದರೆ ಒಮ್ಮೆ ಡಾಕ್ಟರನ್ನು ಕೇಳಿ ಶುರು ಮಾಡಿ.

ಪ್ರಶ್ನೆ: ನಮ್ಮವ್ವ ಬೀಡಿ ಸೇದೋದಿಲ್ಲ. ಎಲಿ ಅಡಿಕಿ ಜೋಡಿ ತಂಬಾಕು ಅಷ್ಟ. ಹೊಗಿ ಇಲ್ಲಲ್ಲ, ತ್ರಾಸ ಆಗೂದಿಲ್ಲಲ್ಲ? (ಕಲಬುರಗಿ)

ಹೊಗೆ ಇಲ್ಲ, ವಿಷ ಇದೆ. ಇದರಲ್ಲಿ ಹೆಣ್ಣು ಗಂಡಿನ ಲೆಕ್ಕ ಬೇರೆ ಥರ ಕೆಲಸ ಮಾಡುತ್ತದೆ. 2016-17ರ ದೇಶದ ಸಮೀಕ್ಷೆಯಲ್ಲಿ ಸೇದುವ ಹೆಂಗಸರು ನೂರಕ್ಕೆ 2, ತಂಬಾಕು ಜಗಿಯುವ ಮತ್ತು ತಿಕ್ಕುವ ಹೆಂಗಸರು ನೂರಕ್ಕೆ ಸುಮಾರು 13. ಸೇದಿದರೆ ಜನ ಆಡಿಕೊಳ್ಳುತ್ತಾರೆ, ಎಲೆ ಹಾಕಿದರೆ ಗೌರವ. ಹೊಲದಲ್ಲಿ ಕಳೆ ತೆಗೆಯುವಾಗ ಹಸಿವು ಮರೆಯಲು ಒಂದು ಚಿಟಿಕೆ, ಹಲ್ಲು ನೋವಿಗೆ ಒಂದು ಚಿಟಿಕೆ, ಹಾಗೇ ಅಭ್ಯಾಸ ಆಗುತ್ತದೆ. ಬಾಯಿ ಕ್ಯಾನ್ಸರಿಗೆ ಇದೇ ದಾರಿ, ಅಡಿಕೆಯೂ ಅದಕ್ಕೆ ಜೊತೆ. ಅವ್ವನನ್ನು ಬೆಳಕಿಗೆ ಕೂರಿಸಿ ಬಾಯಿ ತೆಗೆಯಲು ಹೇಳಿ. ಅವರದೇ ಮೂರು ಬೆರಳು ಉದ್ದುದ್ದ ಬಾಯೊಳಗೆ ಹೋಗುತ್ತವಾ? ಕೆನ್ನೆಯೊಳಗೆ ಬಿಳಿ ಇಲ್ಲವೇ ಕೆಂಪು ಮಚ್ಚೆ ಇದೆಯಾ? ಎರಡು ವಾರ ಕಳೆದರೂ ಮಾಯದ ಹುಣ್ಣು ಇದೆಯಾ? ಇದ್ದರೆ ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ನೋವಿಲ್ಲ ಅಂತ ಬಿಡಬೇಡಿ, ಮೊದಲಿಗೆ ನೋವು ಇರುವುದೇ ಇಲ್ಲ.

ಪ್ರಶ್ನೆ: ಮೇಡಂ, ನಾನು ಇಪ್ಪತ್ತೆರಡು ವರ್ಷದಿಂದ ಮನೆಯಲ್ಲಿ ಬೀಡಿ ಕಟ್ಟುತ್ತೇನೆ. ಒಂದು ಸಲವೂ ಸೇದಿಲ್ಲ. ಈಗ ತಲೆನೋವು, ಕೆಮ್ಮು, ಬೆನ್ನು ನೋವು. ಇದರಿಂದಲೇನಾ? ಎಲ್ಲರೂ ಬೀಡಿ ಬಿಟ್ಟರೆ ನಾವು ಏನು ತಿನ್ನುವುದು? (ಬಂಟ್ವಾಳ)

ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಕರಾವಳಿಯಲ್ಲಿ ಬೀಡಿ ದುಡ್ಡಲ್ಲಿ ಓದಿ ನರ್ಸ್ ಆದವರು, ಮೇಷ್ಟ್ರಾದವರು ತುಂಬಾ ಜನ ಇದ್ದಾರೆ. ಆ ತಾಯಂದಿರ ದುಡಿಮೆಯನ್ನು ನಾನು ಹಗುರ ಮಾಡುವುದಿಲ್ಲ. ನಾಳೆ ಬೆಳಿಗ್ಗೆ ಎಲ್ಲರೂ ಬೀಡಿ ಬಿಡುವುದೂ ಇಲ್ಲ. ಆದರೆ ನಿಮ್ಮ ಮಗಳು ಈ ಕೆಲಸಕ್ಕೆ ಕೂರದೆ ಇರುವಷ್ಟು ಸಮಯ ಇದೆ, ಸರ್ಕಾರ ಬೇರೆ ಕೆಲಸ ಕಲಿಸಬೇಕಾದ್ದೂ ಅವಳ ವಯಸ್ಸಿನವರಿಗೆ.

ನಿಮ್ಮ ತೊಂದರೆಗೆ ಕೆಲಸ ಕಾರಣ ಇರಬಹುದು, ಹೌದು. ಹೊಗೆಸೊಪ್ಪಿನ ಪುಡಿ ಮೂಗಿಗೆ ಹೋಗುತ್ತದೆ, ನಿಕೋಟಿನ್ ಬೆರಳ ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಬೀಡಿ ಕಟ್ಟುವವರ ಮೂತ್ರ ಪರೀಕ್ಷೆ ಮಾಡಿದಾಗ, ಸೇದದವರಲ್ಲೂ ನಿಕೋಟಿನ್ನಿನ ಗುರುತು ಸಿಕ್ಕಿದೆ. ಒಂದು ಬೀಡಿ ಸೇದದೆಯೇ ದಿನವಿಡೀ ಅದು ನಿಮ್ಮ ಮೈಯಲ್ಲಿದೆ. ಮೊರ ತೊಡೆ ಮೇಲೆ ಇಟ್ಟುಕೊಂಡು ತಲೆ ಬಗ್ಗಿಸಿ ಎಂಟು ಗಂಟೆ ಕೂತರೆ ಬೆನ್ನು, ಕುತ್ತಿಗೆ ನೋಯದೆ ಇರುತ್ತದಾ?

ಮಾಡಬಹುದಾದ್ದು: ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ ಬೇಡ, ಜಗಲಿಯಲ್ಲಿ ಗಾಳಿ ಆಡುವ ಕಡೆ ಕೂರಿ. ಪುಡಿಯ ಡಬ್ಬ ಮಕ್ಕಳ ಕೈಗೆ ಸಿಗಬಾರದು. ಮೂಗು ಬಾಯಿಗೆ ಬಟ್ಟೆ ಕಟ್ಟಿ. ಊಟಕ್ಕೆ, ಮಗುವನ್ನು ಎತ್ತಿಕೊಳ್ಳುವುದಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಬಸುರಿ, ಬಾಣಂತಿಯರು ಈ ಕೆಲಸದಿಂದ ದೂರ ಇದ್ದರೆ ಒಳ್ಳೆಯದು. ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ.

ಬೀಡಿ ಕಾರ್ಮಿಕರಿಗೆ ಅಂತ ಕಾನೂನು ಬಂದದ್ದು 1966ರಲ್ಲೇ. ನಿಮಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಾ? ಪಿಎಫ್ ನಂಬರ್ ಇದೆಯಾ? ಇಲ್ಲದಿದ್ದರೆ ಮುಂದಿನ ಸಲ ಬ್ರಾಂಚಿಗೆ ಬೀಡಿ ಕೊಡಲು ಹೋದಾಗ ಕೇಳಿ, ಅಕ್ಕಪಕ್ಕದ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ. ಡಾಕ್ಟರು "ಸೇದ್ತೀರಾ?" ಅಂತ ಕೇಳಿದಾಗ "ಇಲ್ಲ" ಅಂದು ನಿಲ್ಲಿಸಬೇಡಿ. "ಇಲ್ಲ, ಆದರೆ ಇಪ್ಪತ್ತೆರಡು ವರ್ಷದಿಂದ ಕಟ್ಟುತ್ತಿದ್ದೇನೆ" ಅನ್ನಿ.